ಕೂದಲೆಳೆ ಮೇಸ್ತ್ರಿಯ ಅಳತೆ

ಆ ಬೀದಿಯಲ್ಲಿ ಅವನ ಸ್ವಂತ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕೂದಲೆಳೆ ಮೇಸ್ತ್ರಿ ಎಂದರೆ ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಮನೆ ತೋರಿಸುತ್ತಿದ್ದರು. ಯಾವ ಇಂಜಿನ್ನಿನ ಹೊಟ್ಟೆ ಬಿಚ್ಚಿದರೂ ಅವನು, ಇಲ್ಲಿ ಒಂದು ಕೂದಲೆಳೆ ಹೆಚ್ಚಾಗಿದೆ, ಅಲ್ಲಿ ಅರ್ಧ ಕೂದಲೆಳೆ ತೆಗೆಯಬೇಕು ಎನ್ನುತ್ತಿದ್ದ. ಅರ್ಧ ಕೂದಲೆಳೆಯನ್ನು ಯಾರಪ್ಪ ಕಂಡವರು ಎಂದು ನಕ್ಕವರೂ ಇದ್ದರು. ಅವನ ಕೈಯಿಂದ ಹೊರಬಿದ್ದ ಇಂಜಿನ್ನು ಹತ್ತು ವರ್ಷ ಕೆಮ್ಮದೆ ಓಡುವುದನ್ನು ನೋಡಿದ ಮೇಲೆ, ನಕ್ಕವರೇ ತಮ್ಮ ವ್ಯಾನು ತಳ್ಳಿಕೊಂಡು ಬಂದು ಅವನ ಬಾಗಿಲಲ್ಲಿ ನಿಲ್ಲಿಸಿದರು.

ಒಂದು ವಿಷಯ ಮಾತ್ರ ಬೀದಿಗೆ ಗೊತ್ತಿರಲಿಲ್ಲ. ಆ ಕೂದಲೆಳೆಯನ್ನು ಅಳೆಯುತ್ತಿದ್ದ ಬೆರಳು ಅವನದಲ್ಲ, ಅವನ ಹೆಂಡತಿಯದು. ಹೇಳಬೇಕಾದವನು ಅವನೊಬ್ಬನೇ, ಅವನು ಹೇಳಿರಲಿಲ್ಲ. ಅವನು ಕೆಟ್ಟವನೇನಲ್ಲ. ಆದರೆ ಈ ಒಂದು ವಿಷಯದಲ್ಲಿ ಅವನ ಪರ ವಾದಿಸುವುದು ಕಷ್ಟ.

ಚಿಕ್ಕ ವಯಸ್ಸಿನಲ್ಲಿ ಅವನು ಬಸ್ ಡಿಪೋದಲ್ಲಿ ಕೆಲಸ ಕಲಿತವನು. ಅಲ್ಲಿ ಜೊತೆಗೆ ಕಲಿಯುತ್ತಿದ್ದವನೊಬ್ಬ ಮುಂದೆ ಕಬ್ಬಿಣ ಕಡೆಯುವ ಲೇತ್ ಮೆಷಿನ್ನು ಇಟ್ಟುಕೊಂಡು ನಾಲ್ಕು ಬೀದಿ ಆಚೆ ಅಂಗಡಿ ತೆರೆದ. ಒಮ್ಮೆ ಮೇಸ್ತ್ರಿ ಕೊಟ್ಟ ಇಂಜಿನ್ನಿನ ಶಾಫ್ಟನ್ನು ಆ ಲೇತಿನವನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿ ತೆಳ್ಳಗೆ ಮಾಡಿಬಿಟ್ಟ. ಇಂಜಿನ್ನು ಗುಜರಿಗೆ ಹೋಯಿತು, ಬೈಗುಳ ಮೇಸ್ತ್ರಿಯ ಪಾಲಿಗೆ ಬಂತು. ಉಜ್ಜಿದ ಕಬ್ಬಿಣವನ್ನು ಮತ್ತೆ ಅಂಟಿಸುವ ಗೋಂದು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅಂದಿನಿಂದ ಅವನು ಲೇತ್ ಅಂಗಡಿಯ ಹೊಸಿಲು ತುಳಿಯಲಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಊರಿಗೆಲ್ಲ ಹೇಳಿಕೊಂಡು, ಎಲ್ಲ ಕೆಲಸವನ್ನೂ ಮನೆಯಲ್ಲೇ ಕೈಯಲ್ಲೇ ಮಾಡತೊಡಗಿದ.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಮಕ್ಕಳಿರಲಿಲ್ಲ. ಮುಂದಿನ ಕೋಣೆಯ ಊಟದ ಮೇಜಿನ ಮೇಲೆ ತಗಡು ಹೊಡೆದು ಅದನ್ನೇ ಕೆಲಸದ ಮೇಜು ಮಾಡಿಕೊಂಡಿದ್ದರು. ಊಟಕ್ಕೆ ಮಂಚದ ಅಂಚೇ ಗತಿ. ದಿಂಬಿಗೂ ಸೀಮೆಎಣ್ಣೆಯ ವಾಸನೆ ಹತ್ತಿತ್ತು. ಹಳೆಯ ಮೂರು ಮೂಲೆಯ ಅರವನ್ನು ಸಾಣೆ ಹಿಡಿದು ಅವನು ಲೋಹ ಕೆರೆಯಲು ಒಂದು ಸ್ಕ್ರೇಪರ್ ಮಾಡಿಕೊಂಡಿದ್ದ. ಶಾಫ್ಟು ಕೂರುವ ಬೇರಿಂಗಿನ ಒಳಮೈಯಲ್ಲಿ ಮೆತ್ತನೆಯ ಬಿಳಿ ಲೋಹ ಇರುತ್ತದೆ. ಶಾಫ್ಟಿಗೆ ತೆಳ್ಳಗೆ ನೀಲಿ ಬಣ್ಣ ಹಚ್ಚಿ, ಬೇರಿಂಗಿನಲ್ಲಿ ಕೂರಿಸಿ, ಒಂದು ಸುತ್ತು ತಿರುಗಿಸಿ ತೆಗೆದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಅಷ್ಟನ್ನು ಕೆರೆಯಬೇಕು, ಮತ್ತೆ ನೀಲಿ ಹಚ್ಚಬೇಕು, ಮತ್ತೆ ಕೆರೆಯಬೇಕು. ಒಂದು ಬೇರಿಂಗಿಗೆ ಒಂದು ಇಡೀ ದಿನ ಹೋದರೂ ಹೋಯಿತು.

ಆದರೆ ನೀಲಿ ಜಾಗ ತೋರಿಸುತ್ತದೆಯೇ ಹೊರತು ಎಷ್ಟು ಉಬ್ಬಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುತ್ತಿದ್ದವಳು ಹೆಂಡತಿ. ಮದುವೆಗೆ ಮುಂಚೆ ಅವಳು ಬಟ್ಟೆ ಗಿರಣಿಯಲ್ಲಿ ದೋಷ ಹುಡುಕುವ ಮೇಜಿನಲ್ಲಿ ಕೆಲಸಕ್ಕಿದ್ದಳು. ಕಣ್ಣಿಗೆ ಕಾಣದ ಗಂಟು, ಬಿಟ್ಟುಹೋದ ಎಳೆ, ಎಲ್ಲ ಅವಳ ಬೆರಳಿಗೆ ಸಿಗುತ್ತಿತ್ತು. ಮದುವೆಯಾದ ಎರಡನೇ ತಿಂಗಳಲ್ಲಿ ಗಂಡ ಒಂದು ಬೇರಿಂಗನ್ನು ಹಿಡಿದುಕೊಂಡು ಹಲ್ಲು ಕಡಿಯುತ್ತ ಕೂತಿದ್ದಾಗ ಅವಳು ಸುಮ್ಮನೆ ಬೆರಳು ಆಡಿಸಿ, ಇಲ್ಲಿ ಏನೋ ಎದ್ದಿದೆಯಲ್ಲ ಎಂದಳು. ಅವನು ನಂಬಲಿಲ್ಲ. ಕೆರೆದು ನೋಡಿದ. ಶಾಫ್ಟು ಬೆಣ್ಣೆಯಲ್ಲಿ ಕೂತಂತೆ ಕೂತಿತು.

ಅಂದಿನಿಂದ ಅದೊಂದು ಕ್ರಮವಾಯಿತು. ಬೆಳಗ್ಗೆ ಹತ್ತರ ಹೊತ್ತಿಗೆ ಅವಳು ಕೈ ಒರೆಸಿಕೊಂಡು ಬಂದು ಕೂರುವಳು, ಬೆರಳಿಗೆ ಚಿಟಿಕೆ ಪೌಡರ್ ಸವರಿಕೊಳ್ಳುವಳು, ಕಣ್ಣು ಮುಚ್ಚುವಳು. ಉಂಗುರದ ಬೆರಳನ್ನೇ ಆಡಿಸುವಳು, ಯಾಕೆಂದರೆ ಮೈಗಳ್ಳ ಬೆರಳು ಅದೊಂದೇ, ಕೆಲಸ ಮಾಡಿ ಒರಟಾಗಿಲ್ಲ ಎನ್ನುತ್ತಿದ್ದಳು. ಇಲ್ಲಿ ಒಂದು ಕೂದಲೆಳೆ. ಇಲ್ಲಿ ಅರ್ಧ. ಇಲ್ಲಿ ಮುಟ್ಟಬೇಡಿ. ಅವನು ಕೆರೆಯುವನು. ಇಡೀ ದಿನ ಆ ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತು ಇರುತ್ತಿರಲಿಲ್ಲ, ಅದರಿಂದ ಇಬ್ಬರಿಗೂ ಏನೂ ಕೊರತೆ ಎನಿಸಿರಲಿಲ್ಲ.

ಆ ಬೆರಳು ಒರಟಾಗಬಾರದೆಂದು ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು, ನೆಲ ಒರೆಸುವುದು ಎಲ್ಲವನ್ನೂ ಅವನೇ ವಹಿಸಿಕೊಂಡ. ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೂದಿ ಹಾಕಿ ಬಾಣಲೆ ತಿಕ್ಕುವ ಮೇಸ್ತ್ರಿಯನ್ನು ನೋಡಿ ಪಕ್ಕದ ಮನೆಯ ಹೆಂಗಸರಿಗೆ ನಗು ತಡೆಯಲಾಗುತ್ತಿರಲಿಲ್ಲ. ನಿಮ್ಮವಳ ಕೈಗೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆಯೇ ಎಂದು ಕೇಳುತ್ತಿದ್ದರು. ಹೆಂಡತಿಯ ಗುಲಾಮ ಎಂದೂ ಅನ್ನಿಸಿಕೊಂಡ. ಅಷ್ಟನ್ನು ಸಹಿಸಿದವನು, ಈ ಕೈ ಯಾಕೆ ಕಾಪಾಡುತ್ತಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಇದೆಯಲ್ಲ, ಇವನು ಆ ಗಿಡದ ಮದ್ದನ್ನು ದಿನವೂ ಕುಡಿದು, ಆರೋಗ್ಯ ನನ್ನದೇ ಎಂದು ಓಡಾಡಿದವನು. ಅವಳೂ ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಬಂದವರು ನಿಮ್ಮ ಬೆರಳಿನಲ್ಲಿ ಏನಿದೆ ಮೇಸ್ತ್ರಿ ಎಂದು ಹೊಗಳುವಾಗ ಅವಳು ಒಳಗೆ ಚಹಾ ಸೋಸುತ್ತಿದ್ದಳು.

ಇಪ್ಪತ್ತಾರು ವರ್ಷ ಹೀಗೆ ಕಳೆಯಿತು. ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮೂರು ವಾರಕ್ಕೊಮ್ಮೆ ಹೋಗಿ ಅರ್ಧ ದಿನ ಕೂತು ಔಷಧಿ ಹನಿಸಿಕೊಂಡು ಬರಬೇಕಿತ್ತು. ಕೂದಲು ಉದುರಿತು. ನಾಲಿಗೆಗೆ ರುಚಿ ಹೋಯಿತು. ಈಗ ಕೂದಲೆಳೆಗೂ ಗತಿಯಿಲ್ಲ ನೋಡಿ ಎಂದು ಅವಳೇ ತಮಾಷೆ ಮಾಡಿದಳು, ಅವನಿಗೆ ನಗಲು ಆಗಲಿಲ್ಲ. ಆದರೂ ಹತ್ತು ಗಂಟೆಗೆ ಬಂದು ಮೇಜಿನ ಮುಂದೆ ಕೂರುವುದನ್ನು ಅವಳು ಬಿಡಲಿಲ್ಲ. ಕೂತಿರುವಷ್ಟು ಹೊತ್ತು ನೋವು ಮರೆಯುತ್ತದೆ ಎಂದಳು. ಆ ದಿನಗಳಲ್ಲಿ ಬ್ರೆಡ್ ವ್ಯಾನಿನವನ ಇಂಜಿನ್ನು ಮೇಜಿನ ಮೇಲಿತ್ತು. ನಾಲ್ಕೂ ಬೇರಿಂಗುಗಳನ್ನು ಅವಳು ಮುಟ್ಟಿ ನೋಡಿ, ಸರಿ ಇದೆ, ಹಾಕಿ ಎಂದಳು. ಅವನು ಹಾಕಿದ.

ಹನ್ನೊಂದನೇ ದಿನ ಬೆಳಗ್ಗೆ ಆ ವ್ಯಾನು ನಡುರಸ್ತೆಯಲ್ಲಿ, ಬಿಸಿ ಬ್ರೆಡ್ಡುಗಳ ಸಮೇತ, ಇಂಜಿನ್ನು ಬಿಗಿಹಿಡಿದು ನಿಂತುಬಿಟ್ಟಿತು. ಬ್ರೆಡ್ ವ್ಯಾನಿನವನು ಸಾಧು ಮನುಷ್ಯ. ಬೈಯಲಿಲ್ಲ. ಹೀಗೂ ಆಗುತ್ತದೆ ಬಿಡಿ ಎಂದು ಬಿಟ್ಟುಹೋದ. ಬೈದಿದ್ದರೇ ಮೇಸ್ತ್ರಿಗೆ ಹಗುರವಾಗುತ್ತಿತ್ತು. ಬಿಚ್ಚಿ ನೋಡಿದರೆ ಒಂದು ಬೇರಿಂಗಿನ ಲೋಹ ಕರಗಿ ಶಾಫ್ಟಿಗೆ ಅಂಟಿತ್ತು. ಕರಗಿದ್ದು ಏನೂ ಹೇಳುವುದಿಲ್ಲ ಎಂದು ಪಕ್ಕದ್ದನ್ನು ತೆಗೆದ. ಅದರ ಅಂಚಿನಲ್ಲಿ ಒಂದು ದಿಬ್ಬ ಹಾಗೇ ಉಳಿದಿತ್ತು. ಅರ್ಧ ಕೂದಲೆಳೆ ಅಲ್ಲ, ಅವನ ಕಲ್ಲಿನಂಥ ಹೆಬ್ಬೆರಳಿಗೂ ಸಿಗುವಷ್ಟು ದೊಡ್ಡದು.

ಅವನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೇರಿಂಗನ್ನು ಕೈಯಲ್ಲಿ ಹಿಡಿದು ಅಡುಗೆಮನೆಗೆ ನುಗ್ಗಿದ. ಇದನ್ನು ಸರಿ ಇದೆ ಅಂದೆಯಲ್ಲ, ಧ್ಯಾನ ಎಲ್ಲಿತ್ತು ಎಂದು ಕೇಳುವವನಿದ್ದ. ಅವಳು ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದಳು. ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಎತ್ತಿ, ನಿಧಾನವಾಗಿ, ಒಂದು ತೊಟ್ಟೂ ಚೆಲ್ಲದಂತೆ ಕೆಳಗಿಟ್ಟಳು. ಚರ್ಮ ಸುಟ್ಟ ವಾಸನೆ ಬಾಗಿಲಲ್ಲಿದ್ದ ಅವನಿಗೆ ಬಂತು. ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಬೆರಳು ನೋಡಿಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡಳು.

ಅವನು ಬೇರಿಂಗನ್ನು ಬೆನ್ನ ಹಿಂದೆ ಮರೆಮಾಡಿದ. ಅವಳು ತಿರುಗಿ, ಏನಾಯಿತು ಆ ವ್ಯಾನಿಗೆ ಎಂದು ಕೇಳಿದಳು.

"ಎಣ್ಣೆ ತೂತು ಕಟ್ಕೊಂಡಿತ್ತು," ಎಂದ ಅವನು. "ನಾನು ನೋಡ್ಲಿಲ್ಲ. ನನ್ನದೇ ತಪ್ಪು."

ಅವಳು ಹೂಂ ಎಂದಳು. ಅವನು ಹೊರಗೆ ಬಂದು ಆ ಬೇರಿಂಗನ್ನು ಹಳೆಯ ಡಬ್ಬಿಯ ತಳಕ್ಕೆ ಹಾಕಿ, ಮೇಲೆ ನಟ್ಟು ಬೋಲ್ಟು ಸುರಿದ.

ಈಗ ಅವನ ಮುಂದೆ ಇದ್ದದ್ದು ಎರಡೇ ದಾರಿ. ನಿನ್ನ ಬೆರಳು ಹೋಯಿತು, ಇನ್ನು ಮೇಜಿಗೆ ಬರಬೇಡ ಎಂದು ಅವಳಿಗೆ ಹೇಳಬೇಕು, ಇಲ್ಲವೇ ಬೇರೆ ಎಲ್ಲಾದರೂ ಅಳತೆ ಹುಡುಕಬೇಕು. ಅವಳಿಗೆ ಉಳಿದಿರುವುದು ಆ ಹತ್ತು ಗಂಟೆಯ ಕುರ್ಚಿ ಒಂದೇ ಎಂದು ಅವನಿಗೆ ಗೊತ್ತಿತ್ತು. ಮೂರನೇ ದಿನ ಶಾಫ್ಟನ್ನೂ ಬೇರಿಂಗುಗಳನ್ನೂ ಹಿಟ್ಟಿನ ಚೀಲದಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು, ಸುತ್ತು ದಾರಿಯಲ್ಲಿ ಲೇತ್ ಅಂಗಡಿಗೆ ಹೋದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ದಾರಿಯಲ್ಲಿ ಸಿಕ್ಕ ಇಬ್ಬರಿಗೆ, ಅವರು ಕೇಳದಿದ್ದರೂ, ಚೀಲದಲ್ಲಿರುವುದು ಹಿಟ್ಟು ಎಂದು ಹೇಳಿದ.

ಲೇತಿನವನು ಮೆಷಿನ್ನು ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ದಾರಿ ತಪ್ಪಿತಾ ಮೇಸ್ತ್ರಿ ಎಂದು ಕೇಳಿದ. ಇಪ್ಪತ್ತು ವರ್ಷಕ್ಕೂ ಮೇಲಾದ ಮೇಲೆ ಆಡಿದ ಮೊದಲ ಮಾತು ಅದು. ಕಣ್ಣು ಸ್ವಲ್ಪ ಮಂಜಾಗಿದೆ, ಬರೀ ಅಳತೆ ನೋಡಿ ಹೇಳು, ಮೆಷಿನ್ನು ಮುಟ್ಟಿಸಬೇಡ ಎಂದ ಮೇಸ್ತ್ರಿ. ಲೇತಿನವನು ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟ. ಕೆಲಸ ಮುಗಿದ ಮೇಲೆ ಕುತೂಹಲ ತಡೆಯಲಾರದೆ ಕೇಳಿದ.

"ಇಷ್ಟು ವರ್ಷ ಯಾವುದರಲ್ಲಿ ಅಳೀತಿದ್ದೆ?"

"ಬೆರಳಲ್ಲಿ."

ಲೇತಿನವನು ಅವನ ಕೈಯನ್ನು ಹಿಡಿದು ತಿರುಗಿಸಿ ನೋಡಿದ. ಸೀಮೆಎಣ್ಣೆ, ಬೂದಿ, ಅರದ ಹುಡಿ ತಿಂದು ಬಿರುಕು ಬಿಟ್ಟ ಕೈ. "ಈ ಬೆರಳಲ್ಲಾ?" ಎಂದ.

ಮೇಸ್ತ್ರಿ ಕೈ ಎಳೆದುಕೊಂಡು ಚೀಲ ಕಟ್ಟಿದ. ಆ ಹೊತ್ತಿಗೆ ಹೇಳಬಹುದಿತ್ತು. ಹೇಳಿದರೆ ಕೂದಲೆಳೆ ಎನ್ನುವ ಹೆಸರು ಅಲ್ಲೇ ಉದುರಿಬೀಳುತ್ತಿತ್ತು, ಅದೂ ಈ ಲೇತಿನವನ ಮುಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಮನೆ ಹತ್ತಿರ ಬಂದಾಗ ಸೀಮೆಸುಣ್ಣದ ಗುರುತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒರೆಸಿಹಾಕಿದ. ಆ ಅಳತೆಯ ಪ್ರಕಾರ ಅವನೇ ಕೆರೆದು ಸರಿಮಾಡಿದ, ಅವಳು ಆಸ್ಪತ್ರೆಯ ಔಷಧಿಗೆ ಸುಸ್ತಾಗಿ ಮಲಗಿದ್ದ ಹಗಲುಗಳಲ್ಲಿ. ದಿನ ಕಳೆದಂತೆ ಲೇತಿನವನೇ ಮೆಷಿನ್ನಿನಲ್ಲಿ ಪೂರ್ತಿ ಮಾಡಿಕೊಡತೊಡಗಿದ, ಇವನು ಬೇಡ ಎನ್ನಲಿಲ್ಲ. ಕೆಲಸವೆಲ್ಲ ಮುಗಿದ ಬೇರಿಂಗಿಗೆ ಮತ್ತೆ ನೀಲಿ ಬಳಿದು ಹತ್ತು ಗಂಟೆಗೆ ಅವಳ ಮುಂದೆ ಇಡುವನು. ಅವಳು ಪೌಡರ್ ಸವರಿ, ಕಣ್ಣು ಮುಚ್ಚಿ, ಸುಟ್ಟ ಕಲೆಯ ಬೆರಳನ್ನು ಮೆಲ್ಲಗೆ ಆಡಿಸಿ, ಇಲ್ಲಿ ಅರ್ಧ ಕೂದಲೆಳೆ ಎನ್ನುವಳು. ಅವನು ಸ್ಕ್ರೇಪರಿನ ಬೆನ್ನನ್ನು ಲೋಹದ ಮೇಲೆ ಆಡಿಸುತ್ತ, ಕೆರೆದವನಂತೆ ಉಫ್ ಎಂದು ಇಲ್ಲದ ಹುಡಿಯನ್ನು ಊದುವನು. ಈಗ ನೋಡು ಎನ್ನುವನು. ಈಗ ಸರಿಯಾಯಿತು ಎನ್ನುವಳು. ಇಂಜಿನ್ನುಗಳು ಚೆನ್ನಾಗಿ ಓಡಿದವು. ಬ್ರೆಡ್ ವ್ಯಾನಿನವನು ಕೂಡ ಮತ್ತೆ ನಗುತ್ತ ಬಂದು ಹೋದ.

ಐದು ತಿಂಗಳು ಈ ಆಟ ನಡೆಯಿತು. ಅವಳು ಕುರ್ಚಿಯಲ್ಲಿ ಹೆಚ್ಚು ಹೊತ್ತು ಕೂರಲಾರದ ಸ್ಥಿತಿಗೆ ಬಂದಳು, ಬೆನ್ನಿಗೆ ದಿಂಬು ಕೊಡಬೇಕಾಯಿತು. ಒಂದು ದಿನ ಹಾಗೆ ಕೂತು, ಅವನು ಉಜ್ಜುವುದನ್ನೇ ಕೇಳುತ್ತಿದ್ದವಳು ಕಣ್ಣು ತೆರೆಯದೆಯೇ ಹೇಳಿದಳು.

"ರೀ, ಸ್ಕ್ರೇಪರ್ ತಿರುಗಿಸಿ ಹಿಡಿದಿದೀರಿ."

ಅವನ ಕೈ ನಿಂತಿತು.

"ಲೋಹ ಎದ್ದು ಬರೋ ಸದ್ದೇ ಬೇರೆ. ಬೆರಳು ಹೋಗಿದೆ, ಕಿವಿ ಇನ್ನೂ ಇದೆಯಲ್ಲ."

ಯಾವತ್ತಿನಿಂದ ಗೊತ್ತು ಎಂದು ಅವನು ಕೇಳಿದ. ನನ್ನದೇ ತಪ್ಪು ಅಂದಿರಲ್ಲ, ಅವತ್ತಿನಿಂದ ಎಂದಳು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವಾದರೂ ಆ ಮಾತು ನಿಮ್ಮ ಬಾಯಿಂದ ಬಂದಿತ್ತೇ ಎಂದಳು. ಅದಕ್ಕೆ ಇಬ್ಬರೂ ನಕ್ಕರು. ನಕ್ಕಿದ್ದೇ ಅವನಿಗೆ ಅಳು ಬಂತು, ನೀಲಿ ಹತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡ. ಆ ಔಷಧಿಯಿಂದ ಬೆರಳು ಮರಗಟ್ಟಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ, ಅವನು ಔಷಧಿಯ ಸಾಲಿನಲ್ಲಿ ನಿಂತಿದ್ದಾಗ. ಅವಳು ಮುಚ್ಚಿಟ್ಟಿದ್ದಳು. ಮತ್ತೆ ದಿನವೂ ಅರ್ಧ ಕೂದಲೆಳೆ ಅಂತ ಯಾಕೆ ಹೇಳುತ್ತಿದ್ದೆ ಎಂದು ಅವನು ಕೇಳಿದ.

"ನೀವು ತಂದು ಇಡ್ತಿದ್ರಿ," ಎಂದಳು. "ನಾನು ಬೇಡ ಅಂದಿದ್ರೆ ಹೀಗೆ ಕೂರೋದು ಅಲ್ಲಿಗೆ ಮುಗೀತಿತ್ತು."

ಆಗ ಅವನು ಎಲ್ಲವನ್ನೂ ಹೇಳಿದ. ಲೇತ್ ಅಂಗಡಿ, ಹಿಟ್ಟಿನ ಚೀಲ, ಸೀಮೆಸುಣ್ಣ. ಯಾವುದರಲ್ಲಿ ಅಳೆಯುತ್ತಿದ್ದೆ ಎಂದು ಲೇತಿನವನು ಕೇಳಿದ್ದು, ತಾನು ಯಾರ ಬೆರಳು ಎಂದು ಹೇಳದೆ ಕೈ ಎಳೆದುಕೊಂಡು ಬಂದದ್ದು. ಅಲ್ಲಿಯವರೆಗೆ ನಗುನಗುತ್ತಲೇ ಕೇಳುತ್ತಿದ್ದವಳು ಆ ಮಾತಿಗೆ ಕಣ್ಣು ತೆರೆದಳು.

"ಹೇಳ್ಬೇಕಿತ್ತು," ಎಂದಳು. "ಒಬ್ರಿಗಾದ್ರೂ ಹೇಳ್ಬೇಕಿತ್ತು ಕಣ್ರೀ."

ಅದರಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಅವಳಿಗೆ ಅದು ಬೇಕಾಗಿತ್ತು ಎಂದು ಅವನಿಗೆ ಗೊತ್ತಾದದ್ದು ಆವತ್ತು. ನಾಳೆಯೇ ಹೋಗಿ ಹೇಳುತ್ತೇನೆ ಎಂದ. ಅವಳು ಗೋಡೆ ಹಿಡಿದು ಎದ್ದು ನಿಧಾನವಾಗಿ ಹಿತ್ತಲಿಗೆ ನಡೆದಳು. ಪಾತ್ರೆಗಳ ಮುಂದೆ ಮಣೆ ಹಾಕಿಕೊಂಡು ಕೂತಳು. ಬೇಡ ಎಂದು ಅವನು ಓಡಿಬಂದ. ಇನ್ನು ಈ ಕೈಯನ್ನು ಯಾವುದಕ್ಕೆ ಕಾಪಾಡಬೇಕು, ಒಂದು ದಿನವಾದರೂ ನನ್ನ ಮನೆಯ ಪಾತ್ರೆ ನಾನು ತಿಕ್ಕುತ್ತೇನೆ ಎಂದಳು. ಬಕೆಟ್ಟನ್ನು ಅವನ ಕಡೆ ಸರಿಸಿದಳು.

"ನೀರು ಬಿಸಿ ಇದೆಯಾ, ನೋಡಿ ಹೇಳಿ. ನಂಗೆ ಗೊತ್ತಾಗಲ್ಲ."

ಅವನು ತನ್ನ ಒರಟು ಕೈಯನ್ನು ನೀರಿನಲ್ಲಿ ಅದ್ದಿ, ಬೆಚ್ಚಗಿದೆ, ಹಾಕಿಕೋ ಎಂದ. ಎರಡು ತಟ್ಟೆ ತಿಕ್ಕುವಷ್ಟರಲ್ಲಿ ಅವಳಿಗೆ ಸುಸ್ತಾಯಿತು. ಉಳಿದದ್ದನ್ನು ಅವನು ತಿಕ್ಕಿದ.

ಮರುದಿನ ಬೆಳಗ್ಗೆ ಅವಳಿಗೆ ಉಸಿರು ಕಟ್ಟಿತು, ಆಸ್ಪತ್ರೆಗೆ ಸೇರಿಸಿದರು. ಎಂಟು ಮಂಚಗಳ ವಾರ್ಡು, ಕಿಟಕಿಯ ಪಕ್ಕದ ಮಂಚ. ಸುದ್ದಿ ಕೇಳಿ ಎರಡನೇ ದಿನ ಲೇತಿನವನು ನೋಡಲು ಬಂದ. ಅಂಗಡಿಯ ಬಟ್ಟೆಯಲ್ಲೇ ಬಂದಿದ್ದ. ಏನು ಮಾತಾಡಬೇಕೆಂದು ತೋಚದೆ, ಸಮಾಧಾನ ಹೇಳುವವನಂತೆ ಶುರುಮಾಡಿದ. ಹೆದರಬೇಡಿ ಅತ್ತಿಗೆ, ಈಗ ಕಣ್ಣು ಮಂಜಾಗಿದ್ದರೂ ನಿಮ್ಮ ಯಜಮಾನರ ಬೆರಳು ಊರಿಗೇ ಒಂದು, ಎಷ್ಟು ಮೆಷಿನ್ನು ಇಟ್ಟುಕೊಂಡರೂ ನಮಗೆ ಆ ಅಳತೆ ಬರಲಿಲ್ಲ, ಅಂಥವರ ಕೈ ಹಿಡಿದಿದ್ದೀರಿ ಎಂದ.

ಅವಳು ಗಂಡನ ಮುಖ ನೋಡಿದಳು. ಮೂಗಿಗೆ ಕೊಳವೆ ಹಾಕಿದ್ದರು, ಮಾತಾಡುವ ಹಾಗಿರಲಿಲ್ಲ. ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಪಕ್ಕದ ಮಂಚದವರು ನೋಡುತ್ತಿದ್ದರು, ನರ್ಸು ಏನೋ ಬರೆಯುತ್ತಿದ್ದಳು, ಲೇತಿನವನು ಹೋಗುವಾಗ ಮೆಟ್ಟಿಲ ಹತ್ತಿರ ಹೇಳಿದರಾಯಿತು ಎಂದುಕೊಂಡ. ಕಾಲಿನ ಕಡೆ ಸರಿದಿದ್ದ ಹೊದಿಕೆಯನ್ನು ಸರಿಮಾಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಮೆಟ್ಟಿಲ ಹತ್ತಿರವೂ ಅವನು ಹೇಳಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಅವಳು ಹೋದಳು.

ತಿಂಗಳ ಮೇಲೆ ಅವನು ಒಂದು ಶಾಫ್ಟನ್ನು ಹೆಗಲ ಮೇಲೆ ಹೊತ್ತು, ಚೀಲವಿಲ್ಲದೆ, ನೇರ ದಾರಿಯಲ್ಲಿ, ಎಲ್ಲರೂ ನೋಡುತ್ತಿರುವಂತೆ ಲೇತ್ ಅಂಗಡಿಗೆ ನಡೆದ. ಶಾಫ್ಟನ್ನು ಮೇಜಿನ ಮೇಲಿಟ್ಟ. ಇದರ ಅಳತೆ ನನಗೆ ಬರುವುದಿಲ್ಲ ಎಂದ. ಯಾವತ್ತೂ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಅವಳಿಗೆ ಎಂದು, ಗಿರಣಿಯ ಮೇಜಿನಿಂದ ಹಿಡಿದು ಹಾಲಿನ ಪಾತ್ರೆಯವರೆಗೆ ಒಂದೂ ಬಿಡದೆ ಹೇಳಿದ. ಲೇತಿನವನು ಮೆಷಿನ್ನು ನಿಲ್ಲಿಸಿ, ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ಹಾಗಾದ್ರೆ ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಅತ್ತಿಗೆ ಮೇಲೆ ಅನ್ನು," ಎಂದ ಕೊನೆಗೆ. ಬಟ್ಟೆಯನ್ನು ಮೇಜಿನ ಮೇಲೆ ಹಾಕಿ, "ಆಸ್ಪತ್ರೇಲಿ ಅವರ ಮುಂದೇನೇ ಹೊಗಳಿದ್ನಲ್ಲೋ ನಿನ್ನ. ಆಗ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಅವಳೂ ಅದನ್ನೇ ಕೇಳಿದ್ಲು," ಎಂದ ಮೇಸ್ತ್ರಿ. "ಬಾಯಿಬಿಟ್ಟು ಕೇಳ್ಲಿಲ್ಲ, ಅಷ್ಟೆ."

ಲೇತಿನವನು ಶಾಫ್ಟನ್ನು ಎತ್ತಿ ಮೆಷಿನ್ನಿಗೆ ಕಟ್ಟಿದ. ಅದು ಮುಗಿಯುವವರೆಗೆ ಮೇಸ್ತ್ರಿ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ, ಆಮೇಲೆ ಶಾಫ್ಟು ಹೊತ್ತುಕೊಂಡು ಮನೆಗೆ ಹೋದ. ಮನೆಯಲ್ಲಿ ತಿಕ್ಕಲು ಇದ್ದದ್ದು ಒಂದೇ ತಟ್ಟೆ.